ಲ್ಯುಕೇಮಿಯಾ ಮಾತ್ರೆ ಕಡಿಮೆ ಮಾಡುವಾಗ ಬರುವ ಮೈಕೈ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ನಾವೆಲ್ಲ ಸಿಎಂಎಲ್ ಅಂತ ಕರೆಯುವ ರಕ್ತದ ಕ್ಯಾನ್ಸರ್ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ವರ್ಷಗಟ್ಟಲೆ ಇಮಾಟಿನಿಬ್, ಡಾಸಾಟಿನಿಬ್ ಅಥವಾ ನಿಲೋಟಿನಿಬ್ ತೆಗೆದುಕೊಂಡವರಿಗೆ "ಇನ್ನು ಡೋಸ್ ಇಳಿಸಿ ನೋಡೋಣ" ಅಂತ ಡಾಕ್ಟರ್ ಹೇಳುವ ಕಾಲ ಬಂದಿದೆ. ಅದು ಸಂತೋಷದ ಸುದ್ದಿ. ಆದರೆ ಮಾತ್ರೆ ಬಿಟ್ಟ ಕೆಲವೇ ವಾರಕ್ಕೆ ಕೈ ಎತ್ತಲಾಗದಷ್ಟು ನೋವು ಬಂದರೆ ಆ ಸಂತೋಷ ಪೂರ್ತಿ ಇಳಿದುಹೋಗುತ್ತದೆ. ನಾನೂ ಈ ಮಾತ್ರೆ ತೆಗೆದುಕೊಂಡು, ಅರ್ಧ ಮಾಡಿ, ಆಮೇಲೆ ನಿಲ್ಲಿಸಿದವಳು. ಬೆಂಗಳೂರಿನ ಓಪಿಡಿಗಳಲ್ಲಿ ಸರದಿಗೆ ಕಾಯುವಾಗ ಪಕ್ಕದಲ್ಲಿ ಕೂತವರು ಕೇಳಿದ ಪ್ರಶ್ನೆಗಳೇ ಇಲ್ಲಿ ಹೆಚ್ಚು. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಡೋಸ್ ಬದಲಿಸುವ ತೀರ್ಮಾನ ಅವರದೇ ಆಗಿರಲಿ.

ಇಷ್ಟು ವರ್ಷ ನುಂಗಿದ ಮಾತ್ರೆ ಬಿಟ್ಟರೆ ಮೈಕೈ ನೋವು ಯಾಕೆ ಬರಬೇಕು?

ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗುತ್ತವೆ. ಅದರಿಂದ ಬಿಸಿಆರ್-ಎಬಿಎಲ್ ಅನ್ನುವ ತಪ್ಪು ಜೀನ್ ಹುಟ್ಟಿ, ಬಿಳಿ ರಕ್ತಕಣಗಳು ಮಿತಿ ಇಲ್ಲದೆ ಬೆಳೆಯುತ್ತವೆ. ನಮ್ಮ ಮಾತ್ರೆಗಳು ಆ ಜೀನ್ ಮಾಡಿಸುವ ಕೆಲಸವನ್ನು ತಡೆಯುತ್ತವೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಸಿ-ಕಿಟ್, ಪಿಡಿಜಿಎಫ್ಆರ್ ಅನ್ನುವ ಬೇರೆ ಪ್ರೋಟೀನುಗಳನ್ನೂ ಜೊತೆಯಲ್ಲೇ ಅದುಮಿ ಹಿಡಿದಿರುತ್ತವೆ. ಮೂಳೆ, ಸ್ನಾಯು, ಚರ್ಮ, ಉರಿಯೂತ ಎಲ್ಲದರಲ್ಲೂ ಇವಕ್ಕೆ ಪಾತ್ರ ಇದೆ. ಹತ್ತು ವರ್ಷ ಅದುಮಿದ್ದು ಒಂದೇ ಸಲ ಬಿಡುಗಡೆಯಾದಾಗ ಮೈ ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ, ನೋವು ಅದರಿಂದಲೇ ಇರಬಹುದು ಅಂತ ತಜ್ಞರು ಊಹಿಸುತ್ತಾರೆ. ಸ್ವೀಡನ್ನಿನ ಡಾಕ್ಟರುಗಳು 2014ರಲ್ಲಿ ಇದನ್ನು ಮೊದಲ ಸಲ ವಿವರವಾಗಿ ಬರೆದರು. ಅದಕ್ಕೂ ಮುಂಚೆ ಎಷ್ಟೋ ಜನರಿಗೆ "ವಯಸ್ಸಾಯ್ತಲ್ಲ, ಅದಕ್ಕೆ" ಅನ್ನುವ ಉತ್ತರವೇ ಸಿಕ್ಕಿರಬೇಕು.

ಹಾಗಾಗಿ ನಿಮ್ಮ ನೋವು ಸುಮ್ನೆ ಮನಸ್ಸಿನ ಕಲ್ಪನೆ ಅಲ್ಲ. ವೈದ್ಯಕೀಯದಲ್ಲಿ ಅದಕ್ಕೊಂದು ಹೆಸರೂ ಇದೆ (ಟಿಕೆಐ ಅಂದರೆ ನಮ್ಮ ಈ ಮಾತ್ರೆಗಳ ಗುಂಪು, ವಿತ್‌ಡ್ರಾವಲ್ ಅಂದರೆ ಬಿಡುವುದು): ಟಿಕೆಐ ವಿತ್‌ಡ್ರಾವಲ್ ಸಿಂಡ್ರೋಮ್. ಕ್ಯಾನ್ಸರ್ ವಿಭಾಗ ಬಿಟ್ಟು ಬೇರೆ ಡಾಕ್ಟರ್ ಹತ್ತಿರ ಹೋದಾಗ ಈ ಹೆಸರನ್ನು ನೀವೇ ಹೇಳಿ. ಮೂಳೆ ಡಾಕ್ಟರುಗಳಲ್ಲಿ ಎಲ್ಲರೂ ಇಂಥ ರೋಗಿಗಳನ್ನು ನೋಡಿರುವುದಿಲ್ಲ.

ಹಾಗಾದರೆ ಇದು ಚಟವೇ? ಮಾತ್ರೆಗೆ ದಾಸರಾಗಿದ್ದೆವಾ?

ಖಂಡಿತ ಅಲ್ಲ. ಈ ಮಾತ್ರೆ ಯಾರಿಗೂ ಹಂಬಲ ಹುಟ್ಟಿಸುವುದಿಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಹಿಂದಿನ ಉತ್ತರ ಓದಿಸಿ.

ಎಲ್ಲರಿಗೂ ಬರುತ್ತದಾ? ಯಾವಾಗ, ಎಲ್ಲೆಲ್ಲಿ?

ಎಲ್ಲರಿಗೂ ಬರುವುದಿಲ್ಲ. ಮಾತ್ರೆ ನಿಲ್ಲಿಸಿದ 100 ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಕಾಣಿಸುತ್ತದೆ. ಸಾಮಾನ್ಯವಾಗಿ ಬಿಟ್ಟ 1ರಿಂದ 6 ವಾರದೊಳಗೆ ಶುರುವಾಗುತ್ತದೆ. ಜಾಸ್ತಿ ಕಾಡುವುದು ಭುಜ, ಕುತ್ತಿಗೆ, ಸೊಂಟ ಮತ್ತು ತೊಡೆಯ ಮೇಲ್ಭಾಗ. ಕೆಲವರಿಗೆ ಕೈಬೆರಳು, ಮಂಡಿ, ಪಾದ. ಬೆಳಗ್ಗೆ ಎದ್ದ ಕೂಡಲೇ ಮೈ ಮರಗಟ್ಟಿದಂತೆ ಇದ್ದು, ಓಡಾಡುತ್ತಾ ಸ್ವಲ್ಪ ಸಡಿಲವಾಗುವುದೂ ಉಂಟು. ವಯಸ್ಸಾದವರಲ್ಲಿ ಬರುವ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಅನ್ನುವ ಕಾಯಿಲೆಯ ನೋವು ಕೂಡ ಹೀಗೇ ಇರುತ್ತದೆ.

ಬಹಳ ವರ್ಷ ಮಾತ್ರೆ ತೆಗೆದುಕೊಂಡವರಿಗೆ, ಮೊದಲಿನಿಂದಲೂ ಮಂಡಿನೋವು, ಸಂಧಿವಾತ ಇದ್ದವರಿಗೆ ಬರುವ ಸಂಭವ ಹೆಚ್ಚು. ಇಮಾಟಿನಿಬ್ ಒಂದರಿಂದಲೇ ಬರುತ್ತದೆ ಅಂತಿಲ್ಲ. ಡಾಸಾಟಿನಿಬ್, ನಿಲೋಟಿನಿಬ್ ಬಿಟ್ಟವರಲ್ಲೂ ಕಂಡಿದೆ.

ನೋವು ಬಂತು ಅಂದರೆ ಕಾಯಿಲೆ ವಾಪಸ್ ಬಂತು ಅಂತ ಅರ್ಥವಾ?

ಇಲ್ಲ. ಇಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ಜನರ ನಿದ್ದೆ ಕೆಡಿಸುವುದು ಇದೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾತ್ರೆ ಬಿಟ್ಟ ಮೇಲೆ ಸಿಎಂಎಲ್ ಮತ್ತೆ ತಲೆ ಎತ್ತಿದರೆ ಅದು ಮೊದಲು ಗೊತ್ತಾಗುವುದು ಪಿಸಿಆರ್ ರಿಪೋರ್ಟಿನಲ್ಲಿ, ಅಂದರೆ ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆಯಲ್ಲಿ. ಮೈಗೆ ಏನೂ ಅನ್ನಿಸುವ ಮುಂಚೆಯೇ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಬಿಳಿಕಣ ಏರುವುದಕ್ಕೂ ಬಹಳ ಮುಂಚೆ, ಅಲ್ಲಿ ಅಂಕಿ ಮೇಲೇರುತ್ತದೆ. ಭುಜದ ನೋವು ಅದನ್ನು ಹೇಳುವುದಿಲ್ಲ. ತೀರಾ ನೋವಿದ್ದು ಪಿಸಿಆರ್ ಪೂರ್ತಿ ಚೆನ್ನಾಗಿರುವವರು ಇದ್ದಾರೆ. ಒಂದು ಚೂರೂ ನೋವಿಲ್ಲದೆ ಅಂಕಿ ಏರಿದವರೂ ಇದ್ದಾರೆ. ಕೊರಿಯಾದ ಒಂದು ಅಧ್ಯಯನದಲ್ಲಂತೂ ನೋವು ಬಂದವರಲ್ಲೇ ಕಾಯಿಲೆ ಮರಳಿದ್ದು ಕಡಿಮೆ ಅಂತ ಕಂಡಿತ್ತು. ಬೇರೆ ಅಧ್ಯಯನಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಆದ್ದರಿಂದ ನೋವನ್ನು ಒಳ್ಳೆಯ ಶಕುನ ಅಂತಲೂ ನೋಡಬೇಡಿ, ಕೆಟ್ಟ ಶಕುನ ಅಂತಲೂ ನೋಡಬೇಡಿ. ನೋವಿಗೆ ನೋವಿನ ಚಿಕಿತ್ಸೆ, ಕಾಯಿಲೆಗೆ ಪಿಸಿಆರ್. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಭಯ ಇಳಿಯುತ್ತದೆ.

ನಮ್ಮ ಮಗುವಿಗೆ ಎಎಲ್ಎಲ್. ನಮ್ಮ ಮಾವನವರಿಗೆ ಸಿಎಲ್ಎಲ್. ಇದೆಲ್ಲ ಅವರಿಗೂ ಹೊಂದುತ್ತದಾ?

ಹೊಂದುವುದಿಲ್ಲ. ಎಎಲ್ಎಲ್, ಸಿಎಲ್ಎಲ್ ಕೂಡ ರಕ್ತದ ಕ್ಯಾನ್ಸರುಗಳೇ, ಆದರೆ ಅವು ಬೇರೆ ಕಾಯಿಲೆಗಳು, ಚಿಕಿತ್ಸೆಯೂ ಬೇರೆ, ನಿಲ್ಲಿಸುವ ಲೆಕ್ಕವೂ ಬೇರೆ. ಎಎಲ್ಎಲ್ ಮಕ್ಕಳಿಗೆ ಸ್ಟೀರಾಯ್ಡ್ ನಿಲ್ಲಿಸಿದಾಗ ಆಗುವ ಸುಸ್ತು, ಸ್ನಾಯು ನೋವಿಗೆ ಕಾರಣವೇ ಬೇರೆ. ದಯವಿಟ್ಟು ಇಲ್ಲಿಯ ಮಾತನ್ನು ಅಲ್ಲಿಗೆ ಹಾಕಿ ನೋಡಬೇಡಿ.

ಯಾರಿಗೆ ಮಾತ್ರೆ ನಿಲ್ಲಿಸಲು ಡಾಕ್ಟರ್ ಒಪ್ಪುತ್ತಾರೆ?

ಕಾಯಿಲೆ ಯಾವತ್ತೂ ಕ್ರಾನಿಕ್ ಹಂತ, ಅಂದರೆ ನಿಧಾನವಾಗಿ ಬೆಳೆಯುವ ಮೊದಲ ಹಂತ, ದಾಟಿರಬಾರದು. ಹಲವು ವರ್ಷ ತಪ್ಪದೆ ಮಾತ್ರೆ ತೆಗೆದುಕೊಂಡಿರಬೇಕು. ಅಮೆರಿಕದ ಮಾರ್ಗಸೂಚಿ ಕನಿಷ್ಠ 3 ವರ್ಷ ಅನ್ನುತ್ತದೆ. ಯುರೋಪಿನದು ಇಮಾಟಿನಿಬ್ ಆದರೆ 5 ವರ್ಷಕ್ಕಿಂತ ಹೆಚ್ಚು ಇರಲಿ ಅನ್ನುತ್ತದೆ. ಪಿಸಿಆರ್‌ನಲ್ಲಿ ಬಿಸಿಆರ್-ಎಬಿಎಲ್ 0.01 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದು, ಆ ಸ್ಥಿತಿ ಕನಿಷ್ಠ 2 ವರ್ಷ ಉಳಿದಿರಬೇಕು. ರಿಪೋರ್ಟಿನಲ್ಲಿ ಇದನ್ನು ಎಂಆರ್4 ಅಂತ ಬರೆದಿರುತ್ತಾರೆ. ಇದೆಲ್ಲದರ ಜೊತೆಗೆ, ನಿಲ್ಲಿಸಿದ ಮೇಲೆ ಬಿಡದೆ ಟೆಸ್ಟ್ ಮಾಡಿಸಲು ನಿಮಗೆ ಸಾಧ್ಯವಾಗಬೇಕು. ನನ್ನ ಪ್ರಕಾರ ನಮ್ಮ ಕಡೆ ಹೆಚ್ಚು ಜನ ಎಡವುವುದು ಈ ಕೊನೆಯದರಲ್ಲೇ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಹೋಗುವವರಿಗೆ ತಿಂಗಳು ತಿಂಗಳು ಬರುವುದು ಸಣ್ಣ ಮಾತಲ್ಲ. ಅದು ಆಗುವುದಿಲ್ಲ ಅನ್ನಿಸಿದರೆ ಮಾತ್ರೆ ಮುಂದುವರಿಸುವುದರಲ್ಲಿ ಯಾವ ಸೋಲೂ ಇಲ್ಲ.

ಒಂದೇ ಸಲ ನಿಲ್ಲಿಸುವುದು ಒಳ್ಳೆಯದೋ, ಮೊದಲು ಅರ್ಧ ಮಾಡುವುದೋ?

ಎರಡೂ ದಾರಿ ಇವೆ. ಫ್ರಾನ್ಸಿನ ಸ್ಟಿಮ್ ಅಧ್ಯಯನ, ಆಮೇಲೆ 750ಕ್ಕೂ ಹೆಚ್ಚು ಜನರಿದ್ದ ಯುರೋಪಿನ ಯೂರೋ-ಸ್ಕೀ ಅಧ್ಯಯನ, ಇವುಗಳಲ್ಲಿ ಒಂದೇ ಸಲ ನಿಲ್ಲಿಸಿದರು. ಬ್ರಿಟನ್ನಿನ ಡೆಸ್ಟಿನಿ ಅಧ್ಯಯನದಲ್ಲಿ 174 ಜನರಿಗೆ ಒಂದು ವರ್ಷ ಅರ್ಧ ಡೋಸ್ ಕೊಟ್ಟು, ಆಮೇಲೆ ಪೂರ್ತಿ ನಿಲ್ಲಿಸಿದರು. ಅಂದರೆ ಇಮಾಟಿನಿಬ್ ದಿನಕ್ಕೆ 400 ಮಿಲಿಗ್ರಾಂ ಇದ್ದವರಿಗೆ 200. ಎಂಆರ್4 ಮಟ್ಟದಲ್ಲಿ ಗಟ್ಟಿಯಾಗಿ ನಿಂತಿದ್ದವರಲ್ಲಿ, ಆ ಅರ್ಧ ಡೋಸ್‌ನ ವರ್ಷದಲ್ಲಿ ಕಾಯಿಲೆ ಮರಳಿದ್ದು ಸುಮಾರು ನೂರಕ್ಕೆ 2 ಜನರಿಗೆ ಮಾತ್ರ. ಡೋಸ್ ಇಳಿದ ಮೇಲೆ ಸುಸ್ತು, ಭೇದಿ, ವಾಕರಿಕೆ ಎಷ್ಟೋ ಜನರಿಗೆ ಕಡಿಮೆಯಾಯಿತು.

ಆದರೆ ನೋವಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಿಧಾನವಾಗಿ ಇಳಿಸಿದರೆ ನೋವೇ ಬರುವುದಿಲ್ಲ ಅಂತ ಯಾರೂ ಭರವಸೆ ಕೊಡಲಾರರು. ಅರ್ಧ ಡೋಸ್ ನಡೆಯುತ್ತಿರುವಾಗಲೇ ಕೆಲವರಿಗೆ ಹೊಸದಾಗಿ ಸ್ನಾಯು, ಮೂಳೆ ನೋವು ಬಂದಿದೆ. ಹೆಚ್ಚಿನವರಿಗೆ ಅದು ಹಗುರವಾಗಿದ್ದು ತಾನಾಗಿ ಹೋಗಿದೆ. ನನಗೆ ಹಂತಹಂತವಾಗಿ ಇಳಿಸಿದ್ದು ಇಷ್ಟವಾಯಿತು, ಮನಸ್ಸಿಗೂ ಒಗ್ಗಿಕೊಳ್ಳಲು ಸಮಯ ಸಿಕ್ಕಿತು.

ಡಾಕ್ಟರನ್ನು ಕೇಳದೆ ನಾವೇ ದಿನ ಬಿಟ್ಟು ದಿನ ತೆಗೆದುಕೊಂಡರೆ?

ಬೇಡ. ಪಿಸಿಆರ್ ಅಂಕಿ ಇನ್ನೂ ಸಾಕಷ್ಟು ಇಳಿಯದೆ ಮಾತ್ರೆ ತಪ್ಪಿಸಿದರೆ ಕಾಯಿಲೆ ಬೆಳೆಯಲು ಜಾಗ ಕೊಟ್ಟಂತೆ. ಮಾತ್ರೆಯನ್ನು ಚಾಕುವಿನಲ್ಲಿ ಕತ್ತರಿಸಿ ಅಂದಾಜಿನಲ್ಲಿ ನುಂಗುವುದೂ ಬೇಡ. ಇಮಾಟಿನಿಬ್ 100 ಮಿಲಿಗ್ರಾಂ ಮಾತ್ರೆಯೂ ಸಿಗುತ್ತದೆ. 200 ಬೇಕೆಂದರೆ ಅದರಲ್ಲಿ ಎರಡು. ಡಾಸಾಟಿನಿಬ್ ಮುರಿಯಬಾರದು, ಅದರಲ್ಲೂ ಬೇರೆ ಬೇರೆ ಶಕ್ತಿಯ ಮಾತ್ರೆಗಳಿವೆ. ಊಟದ ನಿಯಮ ಅರ್ಧ ಡೋಸ್‌ಗೂ ಅದೇ: ಇಮಾಟಿನಿಬ್ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ನಿಲೋಟಿನಿಬ್ ಖಾಲಿ ಹೊಟ್ಟೆಗೆ.

ಇನ್ನೊಂದು ಸಣ್ಣ ವಿಷಯ. ದ್ರಾಕ್ಷಿಹಣ್ಣು ಬೇರೆ, ಗ್ರೇಪ್‌ಫ್ರೂಟ್ ಬೇರೆ. ಗ್ರೇಪ್‌ಫ್ರೂಟ್ ರಕ್ತದಲ್ಲಿ ಈ ಮಾತ್ರೆಯ ಮಟ್ಟವನ್ನು ಏರಿಸಬಲ್ಲದು. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ಸಂಬಂಧಿ. ಆದ್ದರಿಂದ ಮಾತ್ರೆ ಪೂರ್ತಿ ನಿಲ್ಲುವ ತನಕ ಚಕ್ಕೋತ ದೂರ ಇಡುವುದು ಕ್ಷೇಮ.

ಬೆಂಗಳೂರಲ್ಲಿ ಮಳೆಗಾಲ ಬಂದರೆ ಚಿಕೂನ್‌ಗುನ್ಯಾ, ಡೆಂಗ್ಯೂ. ಯಾವ ನೋವು ಯಾವುದು ಅಂತ ಹೇಗೆ ತಿಳಿಯುವುದು?

ತುಂಬಾ ಮುಖ್ಯವಾದ ಪ್ರಶ್ನೆ. ಯುರೋಪಿನವರು ಬರೆದ ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಜ್ವರ ಇದೆಯಾ ಅಂತ ಮೊದಲು ನೋಡಿ. ಮಾತ್ರೆ ಬಿಟ್ಟಿದ್ದಕ್ಕೆ ಬರುವ ನೋವಿನಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ, ನೋವು ಕೆಲವು ದಿನಗಳಲ್ಲಿ ಮೆಲ್ಲಗೆ ಏರುತ್ತದೆ. ಚಿಕೂನ್‌ಗುನ್ಯಾದಲ್ಲಿ ದಿಢೀರ್ ಜೋರು ಜ್ವರ ಬಂದು, ಕೈ ಕಾಲಿನ ಸಣ್ಣ ಕೀಲುಗಳೆಲ್ಲ ಹಿಡಿದುಕೊಳ್ಳುತ್ತವೆ, ಊದುವುದೂ ಉಂಟು. ಡೆಂಗ್ಯೂನಲ್ಲಿ ಜ್ವರದ ಜೊತೆ ಕಣ್ಣಿನ ಹಿಂದೆ ನೋವು, ಮೈಯೆಲ್ಲ ನೋವು, ಪ್ಲೇಟ್‌ಲೆಟ್ ಇಳಿಯುವುದು. ಜ್ವರ ಇದ್ದರೆ ರಕ್ತಪರೀಕ್ಷೆ ಮಾಡಿಸುವ ತನಕ ಐಬುಪ್ರೊಫೆನ್, ಡಿಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಮುಟ್ಟಬೇಡಿ. ಡೆಂಗ್ಯೂ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ಸಾಕು.

ಜ್ವರ ಇಲ್ಲದಿದ್ದರೂ ಬೇರೆ ಕಾರಣ ಇರಬಹುದು. ವಿಟಮಿನ್ ಡಿ ಕೊರತೆ, ಥೈರಾಯ್ಡ್, ಕೊಲೆಸ್ಟರಾಲ್‌ಗೆ ತೆಗೆದುಕೊಳ್ಳುವ ಸ್ಟ್ಯಾಟಿನ್ ಮಾತ್ರೆ, ಇವೆಲ್ಲ ಇದೇ ರೀತಿ ಸ್ನಾಯು ನೋವು ತರುತ್ತವೆ. ಸರಳ ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯಗಳು. ಉರಿಯೂತ ಎಷ್ಟಿದೆ ಅಂತ ನೋಡಲು ಡಾಕ್ಟರ್ ಇಎಸ್ಆರ್, ಸಿಆರ್‌ಪಿ ಕೂಡ ಬರೆಯಬಹುದು. "ಎಲ್ಲಾ ಮಾತ್ರೆ ಬಿಟ್ಟಿದ್ದರಿಂದಲೇ" ಅಂತ ನಾವೇ ತೀರ್ಮಾನ ಮಾಡಿ ಕೂರುವುದೂ ಸರಿಯಲ್ಲ.

ನೋವಿಗೆ ಏನು ತೆಗೆದುಕೊಳ್ಳಬಹುದು?

ಸಾಮಾನ್ಯವಾಗಿ ಶುರು ಮಾಡುವುದು ಪ್ಯಾರಾಸಿಟಮಾಲ್‌ನಿಂದ. ಡೋಲೋ 650 ಅಂತ ನಾವು ಕೇಳಿ ತರುವುದೂ ಅದೇ. ಆದರೆ ನೆಗಡಿಯ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ಸೇರಿ ಲೆಕ್ಕ ಮೀರಬಾರದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಕೊನೆಯ ಮಿತಿ. ಲಿವರ್ ತೊಂದರೆ ಇದ್ದವರಿಗೆ, ಇಮಾಟಿನಿಬ್ ಇನ್ನೂ ಅರ್ಧ ಡೋಸ್ ನಡೆಯುತ್ತಿರುವವರಿಗೆ ಅದಕ್ಕಿಂತ ಎಷ್ಟು ಕಡಿಮೆ ಅಂತ ಡಾಕ್ಟರೇ ಹೇಳಬೇಕು.

ಅದರಲ್ಲಿ ಇಳಿಯದಿದ್ದರೆ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ತರಹದ್ದನ್ನು ಡಾಕ್ಟರ್ ಸ್ವಲ್ಪ ದಿನಕ್ಕೆ ಕೊಡುತ್ತಾರೆ. ಬಹಳ ಜನರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ತೊಂದರೆ, ಬಿಪಿ ಇದ್ದರೆ ಮೊದಲೇ ಹೇಳಿ. ಡಾಸಾಟಿನಿಬ್ ಇನ್ನೂ ನಡೆಯುತ್ತಿದ್ದರೆ ಅದನ್ನೂ ಹೇಳಿ, ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿ. ನೋವಿರುವ ಜಾಗಕ್ಕೆ ಹಚ್ಚುವ ಜೆಲ್ ಕೂಡ ಕೆಲವರಿಗೆ ಸಾಕಾಗುತ್ತದೆ.

ತೀರಾ ಜೋರಿದ್ದರೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಅನ್ನು ಕಡಿಮೆ ಡೋಸ್‌ನಲ್ಲಿ, ಕಡಿಮೆ ದಿನಕ್ಕೆ ಕೊಡುವುದುಂಟು. ಇದು ಪೂರ್ತಿ ಡಾಕ್ಟರ್ ಕೈಯಲ್ಲಿರುವ ಮದ್ದು. ಶುಗರ್ ಏರುತ್ತದೆ, ಬಿಪಿ ಏರುತ್ತದೆ. ಶುಗರ್ ಇರುವವರು ಆ ದಿನಗಳಲ್ಲಿ ಮನೆಯಲ್ಲೇ ಚೆಕ್ ಮಾಡುತ್ತಿರಬೇಕು.

ಮೆಡಿಕಲ್ ಶಾಪ್‌ನಲ್ಲಿ "ಮೈಕೈ ನೋವಿಗೆ ಒಂದು ಸೆಟ್ ಕೊಡಿ" ಅಂದರೆ ಕೊಡುತ್ತಾರಲ್ಲ?

ಕೊಡುತ್ತಾರೆ. ಆ ಸಣ್ಣ ಕವರಿನಲ್ಲಿ ಯಾವ ಮಾತ್ರೆ ಇದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಸ್ಟೀರಾಯ್ಡ್ ಇದ್ದರೂ ಇರಬಹುದು. ಹೆಸರು ಬರೆದಿರುವ ಸ್ಟ್ರಿಪ್ ಇಲ್ಲದ ಮಾತ್ರೆ ನಮ್ಮಂಥವರು ನುಂಗಬಾರದು.

ಕಷಾಯ, ಎಣ್ಣೆ, ನಾಟಿ ಔಷಧಿ?

ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬೆಚ್ಚಗೆ ಮಾಡಿ ಹಗುರವಾಗಿ ಹಚ್ಚಿ, ಬಿಸಿನೀರು ಹಾಕಿಕೊಂಡರೆ ಹಾಯೆನಿಸುತ್ತದೆ. ಅದರಲ್ಲಿ ತೊಂದರೆ ಇಲ್ಲ. ಜೋರಾಗಿ ತಿಕ್ಕಿಸಿ, ಕೀಲು ಎಳೆಸಿಕೊಳ್ಳುವುದು ಬೇಡ.

ಹೊಟ್ಟೆಗೆ ಹೋಗುವ ಔಷಧಿಯ ವಿಷಯ ಬೇರೆ. ಅಮೃತಬಳ್ಳಿ ಕಷಾಯ ಬಹಳ ದಿನ ಕುಡಿದವರಲ್ಲಿ ಲಿವರ್ ಹಾಳಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕೀಲುನೋವಿಗೆ ಅಂತ ಮಾರುವ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್, ಭಾರ ಲೋಹ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಅರ್ಧ ಡೋಸ್ ನಡೆಯುತ್ತಿದ್ದರೆ ಇವು ಆ ಮಾತ್ರೆಯ ಜೊತೆ ಹೇಗೆ ನಡೆದುಕೊಳ್ಳುತ್ತವೆ ಅನ್ನುವ ಚಿಂತೆಯೂ ಇದೆ. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಅರಿಶಿನದ ಸತ್ವದ ಕ್ಯಾಪ್ಸೂಲ್ ಡಾಕ್ಟರನ್ನು ಕೇಳದೆ ಬೇಡ. ಅತ್ತೆ, ಚಿಕ್ಕಮ್ಮ ಪ್ರೀತಿಯಿಂದಲೇ ತಂದುಕೊಡುತ್ತಾರೆ, ಬೇಡ ಅನ್ನಲು ಕಷ್ಟ. "ಈ ಆರು ತಿಂಗಳು ರಕ್ತದ ಟೆಸ್ಟ್ ನಡೀತಿದೆ, ಡಾಕ್ಟರ್ ಏನೂ ಸೇರಿಸಬೇಡಿ ಅಂದಿದ್ದಾರೆ" ಅಂತ ಹೇಳಿ. ಅದು ನಿಜವೂ ಹೌದು.

ದಿನದ ಕೆಲಸ ಹೇಗೆ ನಿಭಾಯಿಸುವುದು?

ಭುಜ ಏಳದಿದ್ದರೆ ಎಷ್ಟೊಂದು ಕೆಲಸ ನಿಲ್ಲುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಜಡೆ ಹೆಣೆಯಲು ಆಗುವುದಿಲ್ಲ. ಬ್ಲೌಸಿಗೆ ಕೈ ತೂರಿಸಲು ಆಗುವುದಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲಲು ಆಗುವುದಿಲ್ಲ. ಮುದ್ದೆ ತೊಳಸುವುದಂತೂ ದೂರದ ಮಾತು. ಅದಕ್ಕೆ ಭುಜದ ಪೂರ್ತಿ ಬಲ ಬೇಕು. ಆ ವಾರಗಳಲ್ಲಿ ಮುದ್ದೆ ತೊಳಸುವುದು, ತುಂಬಿದ ಕುಕ್ಕರ್ ಎತ್ತುವುದು, ನೀರಿನ ಕ್ಯಾನ್ ಮಗುಚುವುದು ಮನೆಯ ಬೇರೆಯವರ ಕೆಲಸವಾಗಲಿ. ಇದನ್ನು ಕೇಳಲು ಸಂಕೋಚ ಬೇಡ. ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಹಾಕಿಕೊಳ್ಳಿ. ನೆಲದಿಂದ ಏಳುವುದು ಕಷ್ಟವಾದರೆ ಕುರ್ಚಿ ಮೇಲೆ ಕೂತೇ ಪೂಜೆ, ಊಟ ಆಗಲಿ. ಬಚ್ಚಲಲ್ಲಿ ಹಿಡಿದು ಏಳಲು ಒಂದು ಹಿಡಿಕೆ ಹಾಕಿಸಿದರೆ ಬಹಳ ಉಪಕಾರ.

ಪೂರ್ತಿ ಮಲಗಿಬಿಡುವುದು ಮಾತ್ರ ಬೇಡ. ಮಲಗಿದಷ್ಟೂ ಬಿಗಿತ ಜಾಸ್ತಿಯಾಗುತ್ತದೆ. ಬೆಳಗ್ಗೆ ಬಿಸಿನೀರಿನ ಸ್ನಾನ ಮುಗಿಸಿ, ಮೈ ಸ್ವಲ್ಪ ಸಡಿಲವಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಡೆಯಿರಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಹತ್ತಿರ ಇದ್ದವರು ಪುಣ್ಯವಂತರು, ಇಲ್ಲದಿದ್ದರೆ ನಿಮ್ಮ ಬಡಾವಣೆಯ ಪಾರ್ಕೇ ಸಾಕು. ನೋವು ಏರದಷ್ಟು ನಡೆದು ನಿಲ್ಲಿಸಿ. ಫಿಸಿಯೋಥೆರಪಿಸ್ಟ್ ಒಬ್ಬರಿಂದ ಭುಜ ಮತ್ತು ಸೊಂಟದ ಹಗುರ ವ್ಯಾಯಾಮ ಕಲಿತರೆ ಮನೆಯಲ್ಲೇ ಮಾಡಬಹುದು. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಬಿಗಿತ ಹೆಚ್ಚು ಅನ್ನಿಸುತ್ತದೆ. ಬಿಸಿಲು ಬಂದ ಮೇಲೆ ಹೊರಡಿ.

ಒಂದು ನೋಟ್‌ಬುಕ್ ಇಡಿ. ತಾರೀಕು, ಯಾವ ಜಾಗ, 10ಕ್ಕೆ ಎಷ್ಟು ನೋವು, ಬೆಳಗಿನ ಬಿಗಿತ ಎಷ್ಟು ಹೊತ್ತು, ಯಾವ ಮಾತ್ರೆ ತೆಗೆದುಕೊಂಡಿರಿ, ಇಷ್ಟು ಬರೆದರೆ ಸಾಕು. ಓಪಿಡಿಯಲ್ಲಿ ಡಾಕ್ಟರ್ ಜೊತೆ ಸಿಗುವುದು ಸ್ವಲ್ಪವೇ ಸಮಯ. ಆಗ ಈ ಪುಟ ತೋರಿಸಿದರೆ ಮಾತು ನೇರ ವಿಷಯಕ್ಕೆ ಬರುತ್ತದೆ.

ನೋವು ಬಿಟ್ಟು ಬೇರೆ ಏನಾದರೂ ಬದಲಾಗುತ್ತದಾ?

ಕೆಲವರಿಗೆ ತುರಿಕೆ ಬರುತ್ತದೆ. ನಿದ್ದೆ ಕೆಡಬಹುದು. ಒಳ್ಳೆಯ ಬದಲಾವಣೆಗಳೂ ಇವೆ. ಇಮಾಟಿನಿಬ್‌ನಿಂದ ಕಣ್ಣಿನ ಸುತ್ತ ಬರುತ್ತಿದ್ದ ಊತ ಇಳಿಯುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ನಿಲ್ಲುತ್ತದೆ. ಬಿಳಿಚಿಕೊಂಡಿದ್ದ ಚರ್ಮ ಮೆಲ್ಲಗೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಶುಗರ್ ಮತ್ತು ಕೊಲೆಸ್ಟರಾಲ್ ಮಾತ್ರ ಒಮ್ಮೆ ನೋಡಿಸಿ. ಇಮಾಟಿನಿಬ್ ಇದ್ದಾಗ ಕೆಲವರಿಗೆ ಅವು ತಗ್ಗಿರುತ್ತವೆ, ಬಿಟ್ಟ ಮೇಲೆ ಏರುವುದುಂಟು.

ಪಿಸಿಆರ್ ಎಷ್ಟು ಸಲ ಮಾಡಿಸಬೇಕು? ಮಾತ್ರೆ ಬಿಟ್ಟರೆ ದುಡ್ಡು ಉಳಿಯುತ್ತದೆ ಅಲ್ವಾ?

ಮೊದಲ 6 ತಿಂಗಳು ತಿಂಗಳಿಗೊಮ್ಮೆ. 6ರಿಂದ 12 ತಿಂಗಳವರೆಗೆ ಎರಡು ತಿಂಗಳಿಗೊಮ್ಮೆ. ಆಮೇಲೆ ಮೂರು ತಿಂಗಳಿಗೊಮ್ಮೆ, ಅದು ಮುಂದೆಯೂ ನಡೆಯಬೇಕು. ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ರಿಪೋರ್ಟಿನಲ್ಲಿ ಇಂಟರ್‌ನ್ಯಾಷನಲ್ ಸ್ಕೇಲ್ ಅಂತ ಬರೆದಿರಬೇಕು, ಅಂದರೆ ಎಲ್ಲ ಕಡೆ ಒಪ್ಪಿದ ಅಳತೆ. ಬೇರೆ ಬೇರೆ ಲ್ಯಾಬ್‌ನ ಅಂಕಿಗಳನ್ನು ಹೋಲಿಸಿ ಗಾಬರಿಯಾದವರು ಎಷ್ಟೋ ಜನ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಇಮಾಟಿನಿಬ್ 2001ರಲ್ಲಿ ಬಂದಾಗ ಅದರ ಬೆಲೆ ಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. ನಮ್ಮಲ್ಲಿ ಜನರಿಕ್ ಬಂದವು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇಮಾಟಿನಿಬ್‌ನ ಮೂಲ ಕಂಪನಿಯ ಮಾತ್ರೆ ಗ್ಲಿವೆಕ್‌ಗೆ ಪೇಟೆಂಟ್ ಕೊಡಲು ಒಪ್ಪಲಿಲ್ಲ, ಆ ದಾರಿ ಗಟ್ಟಿಯಾಯಿತು. ಈಗ ಜನರಿಕ್ ಇಮಾಟಿನಿಬ್‌ನ ಒಂದು ತಿಂಗಳ ಖರ್ಚಿಗಿಂತ ಒಂದು ಪಿಸಿಆರ್ ಖರ್ಚೇ ಹೆಚ್ಚಾಗುವುದುಂಟು. ಅಂದರೆ ಮಾತ್ರೆ ನಿಲ್ಲಿಸಿದ ಮೊದಲ ವರ್ಷ ಖರ್ಚು ಉಳಿಯುವ ಬದಲು ಏರಬಹುದು. ದುಡ್ಡು ಉಳಿಸಲು ಮಾತ್ರೆ ಬಿಟ್ಟು, ಅದೇ ದುಡ್ಡಿಗಾಗಿ ಟೆಸ್ಟ್ ತಪ್ಪಿಸುವುದು ಅತಿ ಅಪಾಯದ ದಾರಿ. ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಯಾವ ಟೆಸ್ಟ್ ಅದರಲ್ಲಿ ಸೇರುತ್ತದೆ ಅಂತ ನಿಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ.

ಅಂಕಿ ಏರಿದರೆ?

ಬಿಸಿಆರ್-ಎಬಿಎಲ್ 0.1 ಶೇಕಡಾ ದಾಟಿದರೆ ಮಾತ್ರೆ ಮತ್ತೆ ಶುರು ಮಾಡುತ್ತಾರೆ. ಯೂರೋ-ಸ್ಕೀಯಲ್ಲಿ 2 ವರ್ಷದ ಹೊತ್ತಿಗೆ ಅರ್ಧದಷ್ಟು ಜನ ಮಾತ್ರೆ ಇಲ್ಲದೆ ಚೆನ್ನಾಗಿದ್ದರು. ಉಳಿದ ಅರ್ಧಕ್ಕೆ ಮರಳಿತು, ಹೆಚ್ಚಿನವರಿಗೆ ಮೊದಲ 6 ತಿಂಗಳಲ್ಲೇ. ಮತ್ತೆ ಮಾತ್ರೆ ಶುರು ಮಾಡಿದವರಲ್ಲಿ ಬಹುತೇಕ ಎಲ್ಲರ ಅಂಕಿಯೂ ವಾಪಸ್ ಇಳಿಯುತ್ತದೆ. ಸಮಯಕ್ಕೆ ಟೆಸ್ಟ್ ಮಾಡಿಸಿದವರಿಗೆ ಸಿಗುವ ಭದ್ರತೆ ಇದು. ಮತ್ತೆ ಮಾತ್ರೆ ಹಿಡಿಯಬೇಕಾದವರು ಅಳುವುದನ್ನು ನೋಡಿದ್ದೇನೆ. ಅದು ನಿಮ್ಮ ಊಟದ ತಪ್ಪಲ್ಲ, ನಿಮ್ಮ ಮನೋಬಲ ಕಡಿಮೆಯಾಗಿದ್ದೂ ಅಲ್ಲ.

ಕಾಯಿಲೆ ಇಲ್ಲ, ಆದರೆ ನೋವು ತಡೆಯಲು ಆಗುತ್ತಿಲ್ಲ. ಮಾತ್ರೆ ಮತ್ತೆ ಶುರು ಮಾಡಬಹುದಾ?

ಮತ್ತೆ ಶುರು ಮಾಡಿದವರಲ್ಲಿ ನೋವು ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಆದರೆ ನೋವಿಗಾಗಿಯೇ ಹಾಗೆ ಮಾಡುವ ಪರಿಸ್ಥಿತಿ ಬರುವುದು ಅಪರೂಪ. ಮೊದಲು ನೋವಿನ ಚಿಕಿತ್ಸೆಯನ್ನು ಸರಿಯಾಗಿ, ಸಾಕಷ್ಟು ಮಾಡಿ ನೋಡಬೇಕು. ಬಹಳ ಜನ ನಿಜವಾಗಿ ಒಂದು ಡೋಸ್ ನೋವಿನ ಮಾತ್ರೆಯನ್ನೂ ಕ್ರಮವಾಗಿ ತೆಗೆದುಕೊಂಡಿರುವುದಿಲ್ಲ, ಹಲ್ಲು ಕಚ್ಚಿ ಸಹಿಸುತ್ತಿರುತ್ತಾರೆ. ಸಹಿಸಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಫೋನ್ ಮಾಡಿ ಹೇಳಿ.

ಎಷ್ಟು ದಿನ ಇರುತ್ತದೆ?

ಹೆಚ್ಚಿನವರಿಗೆ ಕೆಲವು ವಾರದಿಂದ ಕೆಲವು ತಿಂಗಳು. ಸ್ವಲ್ಪ ಜನರಿಗೆ ಒಂದು ವರ್ಷ ದಾಟಿದ್ದೂ ಇದೆ. ಒಂದೇ ಸಮ ಇಳಿಯುವುದಿಲ್ಲ. ಒಂದು ವಾರ ಚೆನ್ನಾಗಿದ್ದು ಮತ್ತೆ ನಾಲ್ಕು ದಿನ ಹಿಡಿದುಕೊಳ್ಳುತ್ತದೆ. ನೋಟ್‌ಬುಕ್ ಹಿಂದಕ್ಕೆ ತಿರುಗಿಸಿ ನೋಡಿದಾಗಲೇ ಒಟ್ಟಾರೆ ಇಳಿಯುತ್ತಿದೆ ಅಂತ ತಿಳಿಯುವುದು.

ಮನಸ್ಸಿಗೆ ಆಗುವ ತಳಮಳಕ್ಕೆ ಏನು ಮಾಡುವುದು?

ಮಾತ್ರೆ ಅಂದರೆ ನಮಗೆ ಧೈರ್ಯ. ಇಷ್ಟು ವರ್ಷ ನಮ್ಮನ್ನು ಉಳಿಸಿದ್ದನ್ನು ಬಿಡುವಾಗ ಹೆದರಿಕೆ ಆಗದೆ ಇರುತ್ತದಾ? ರಕ್ತ ಕೊಟ್ಟು ರಿಪೋರ್ಟ್ ಬರುವ ತನಕದ ದಿನಗಳು ಎಲ್ಲಕ್ಕಿಂತ ಕಷ್ಟ. ಆ ದಿನಗಳಲ್ಲಿ ಒಬ್ಬರೇ ಇರಬೇಡಿ. ಮೊಬೈಲ್‌ನಲ್ಲಿ ರಿಪೋರ್ಟ್ ಬರುವ ವ್ಯವಸ್ಥೆ ಇದ್ದರೆ, ಅದನ್ನು ಯಾರ ಜೊತೆ ಕೂತು ತೆರೆಯುತ್ತೀರಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ನಿದ್ದೆ ಪೂರ್ತಿ ಹೋದರೆ, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ ಮನೋವೈದ್ಯರನ್ನು ನೋಡಿ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ.

ಮನೆಯವರು ಏನು ಮಾಡಬೇಕು?

"ಮಾತ್ರೆ ಬಿಟ್ಟಾಯ್ತಲ್ಲ, ಇನ್ನೇನು ಆರಾಮ" ಅನ್ನಬೇಡಿ. ನೋವು ಹೇಳಿಕೊಂಡಾಗ ಕೇಳಿಸಿಕೊಳ್ಳಿ. ಟೆಸ್ಟ್ ದಿನ ಜೊತೆಗೆ ಹೋಗಿ. ಮುದ್ದೆ ತೊಳಸಿ.

ಮಗು ಬೇಕು ಅಂತ ಮಾತ್ರೆ ನಿಲ್ಲಿಸುತ್ತಿದ್ದೇನೆ. ಬೇರೆ ಎಚ್ಚರಿಕೆ ಇದೆಯಾ?

ಹೆಂಗಸರು ಈ ಮಾತ್ರೆ ನಡೆಯುವಾಗ ಬಸಿರಾಗಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದು. ಎದೆಹಾಲು ಕುಡಿಸುವಾಗಲೂ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ರಕ್ತದ ಡಾಕ್ಟರ್ ಮತ್ತು ಹೆರಿಗೆ ಡಾಕ್ಟರ್ ಇಬ್ಬರೂ ಸೇರಿ ಮೊದಲೇ ಯೋಜನೆ ಹಾಕಬೇಕು. ನೋವಿನ ಮಾತ್ರೆಯ ಆಯ್ಕೆಯೂ ಬದಲಾಗುತ್ತದೆ. ಐಬುಪ್ರೊಫೆನ್ ತರಹದ್ದು ಬಸಿರಿನಲ್ಲಿ, ಮುಖ್ಯವಾಗಿ 20 ವಾರದ ನಂತರ, ಬೇಡ. ಗಂಡಸರು ಮಗುವಿಗಾಗಿ ಇಮಾಟಿನಿಬ್ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಆದರೂ ಡಾಕ್ಟರನ್ನು ಕೇಳಿ.

ಯಾವಾಗ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು?

ಜ್ವರ ಇಳಿಯದಿದ್ದರೆ. ಒಂದೇ ಕೀಲು ಕೆಂಪಾಗಿ ಊದಿ ಮುಟ್ಟಲಾಗದಿದ್ದರೆ. ಒಂದೇ ಕಾಲು ಊದಿಕೊಂಡರೆ. ಎದೆನೋವು, ಉಸಿರಾಟದ ತೊಂದರೆ ಆದರೆ. ಇಂಥದ್ದಕ್ಕೆಲ್ಲ ಅದೇ ದಿನ ಹೋಗಿ. ಎಡಭುಜದ ನೋವು ಎದೆಗೆ, ದವಡೆಗೆ ಹರಿದು ಬೆವರು ಬಂದರೆ ಅದು ಹೃದಯದ್ದಿರಬಹುದು, ಮಾತ್ರೆ ಬಿಟ್ಟಿದ್ದಕ್ಕೆ ಅಂತ ಮಲಗಬೇಡಿ. 50 ದಾಟಿದವರಿಗೆ ಭುಜದ ನೋವಿನ ಜೊತೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಕಂಡರೆ ಅದೂ ತುರ್ತು. ಕಾಲಲ್ಲಿ ಬಲ ಹೋಗುವುದು, ಮೂತ್ರದ ಹಿಡಿತ ತಪ್ಪುವುದು ಆದರೂ ಅಷ್ಟೇ. ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಬೆವರುವುದು, ಎಡ ಹೊಟ್ಟೆ ಭಾರ, ಮೈಮೇಲೆ ನೀಲಿ ಕಲೆ ಕಂಡರೆ ರಕ್ತದ ಡಾಕ್ಟರಿಗೆ ತಕ್ಷಣ ತಿಳಿಸಿ.

ಮನೆಯಲ್ಲಿ ಉಳಿದಿರುವ ಮಾತ್ರೆ ಏನು ಮಾಡಲಿ?

ಸ್ವಲ್ಪ ದಿನ ಇಟ್ಟುಕೊಳ್ಳಿ. ಮೊದಲ 6 ತಿಂಗಳಲ್ಲಿ ಮತ್ತೆ ಬೇಕಾಗಬಹುದು. ಆದರೆ ಡಾಕ್ಟರ್ ಹೇಳದೆ ಅದರಿಂದ ಒಂದನ್ನೂ ನುಂಗಬೇಡಿ, ನೋವು ಎಷ್ಟೇ ಇದ್ದರೂ. ಎಕ್ಸ್‌ಪೈರಿ ತಾರೀಕು ನೋಡಿ, ಮಕ್ಕಳ ಕೈಗೆ ಸಿಗದ ಕಡೆ, ಒಣಗಿದ ಜಾಗದಲ್ಲಿ ಇಡಿ. ಅದೇ ಕಾಯಿಲೆ ಇರುವ ಬೇರೆಯವರಿಗೆ ನೇರವಾಗಿ ಕೊಡಬೇಡಿ. ಅವರ ಮಾತ್ರೆ, ಅವರ ಡೋಸ್ ಬೇರೆ ಇರಬಹುದು. ಇನ್ನು ಬೇಡ ಅಂತ ಡಾಕ್ಟರ್ ಹೇಳಿದ ಮೇಲೆ, ತೆರೆಯದ ಸ್ಟ್ರಿಪ್‌ಗಳನ್ನು ಏನು ಮಾಡಬೇಕು ಅಂತ ನಿಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲೇ ಕೇಳಿ.